ತೂಬು ಬರೆದವರು

ಜನವರಿ 17, 2023, ಮಂಗಳವಾರ

ಮಧ್ಯಾಹ್ನ ಯಾದಗಿರಿಯಿಂದ ಮೌಲಾಲಿ ಬಂದಿದ್ದರು. ಕಂಪ್ಯೂಟರಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಶಹಾಪುರದವರೆಗೂ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದರಂತೆ. ಕಾಲೇಜಿನ ಲ್ಯಾಬಿನಲ್ಲಿ ಬಿಚ್ಚಿ ನೋಡಿದೆ. ಒಳಗೆ ಬೋರ್ಡು ಸುಟ್ಟು ಕರ್ರಗಾಗಿದೆ. ಹದಿಮೂರು ವರ್ಷ ದುಡಿದ ಯಂತ್ರ, ಇನ್ನು ಏಳುವುದಿಲ್ಲ.

ಸ್ಟೇಷನ್ ರಸ್ತೆಯಲ್ಲಿ ಅವರದು ವಿಡಿಯೋ ಅಂಗಡಿ. ಜನ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ತಂದು ಕೊಡುತ್ತಾರೆ, ಇವರು ಫೋನಿನಲ್ಲಿ ನೋಡುವಂತೆ ಮಾಡಿಕೊಡುತ್ತಾರೆ. ಅದಕ್ಕೆ ಬಳಸುವುದು ತೂಬು. ತೂಬು ನಾನು ಬರೆದ ತಂತ್ರಾಂಶ; ಒಂದು ಬಗೆಯ ವಿಡಿಯೋವನ್ನು ಇನ್ನೊಂದು ಬಗೆಗೆ ಬದಲಿಸುತ್ತದೆ; ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಒಳಗೆ ಹೇಗೆ ಬರೆದಿದೆ ಎಂದು ನೋಡಬಹುದು, ತಿದ್ದಬಹುದು. ಈ ಮಾತನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೆಂದರೆ, ಯಾರೂ ಓದದ ಈ ಪುಸ್ತಕದಲ್ಲೂ ಹಾಗೆಯೇ ಇಳಿದುಬಂತು.

“ಹೊಸಾ ಕಂಪ್ಯೂಟರ್ ತಗೊಂಡೀನಿ ಮೇಡಂ. ಅದರಾಗ ತೂಬು ಏಳವಲ್ದು” ಅಂದರು ಮೌಲಾಲಿ.

“ಏಳಂಗಿಲ್ರಿ. ಹಳೇದಾತು ಅದು. ಹೊಸದಾಗಿ ಬರೀಬೇಕು.”

“ಬರೀರಿ ಮತ್ತ. ನೀವಿಬ್ರೂ ಕುಂತು ಬರದ ಖೋಲಿ ಖಾಲೀನ ಐತಿ.” ಆಮೇಲೆ ಟವೆಲು ಮಡಚುತ್ತ ಹೇಳಿದರು, “ಗೌಹರಬೇಗಂಗ ಒಂದ್ ಮಾತು ಕೇಳ್ರಿ. ಸುರಪುರದಾಗ ಅದಾಳ.”

“ಆಕಿ ನಂಬರ್ ನನ್ ಕಡಿ ಇಲ್ರಿ” ಅಂದೆ.

ಇದೆ. ‘ಗೌಹರ ಯಾದಗಿರಿ’ ಎಂದು ಹನ್ನೆರಡು ವರ್ಷದಿಂದ ಫೋನಿನಿಂದ ಫೋನಿಗೆ ಸಾಗಿ ಬಂದಿದೆ.

ಜನವರಿ 26, ಗುರುವಾರ

ಧ್ವಜ ಏರಿಸಿದ ಮೇಲೆ ಪ್ರಿನ್ಸಿಪಾಲ್ ಚಂದ್ರಾಮಪ್ಪನವರು ಮೈಕಿನಲ್ಲೇ ಹೇಳಿಬಿಟ್ಟರು. ಜರ್ಮನಿಯ ಸಂಸ್ಥೆಯೊಂದು ನಮ್ಮ ಶಿವಬಸಮ್ಮ ಮೇಡಂ ಅವರಿಗೆ ಪತ್ರ ಬರೆದಿದೆ, ಇಡೀ ಜಿಲ್ಲೆಗೆ ಹೆಮ್ಮೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

ಪತ್ರ ಬಂದದ್ದು ಮೊನ್ನೆ. ಬಿಟ್ಟುಹೋದ ಉಚಿತ ತಂತ್ರಾಂಶಗಳನ್ನು ಮತ್ತೆ ಬದುಕಿಸಲು ಹಣ ಕೊಡುವ ಸಣ್ಣ ಸಂಸ್ಥೆ. ತೂಬು ನಿಂತುಹೋಯಿತೆಂದು ಬೇರೆ ಬೇರೆ ದೇಶಗಳಿಂದ ಅವರಿಗೆ ಬರೆಯುತ್ತಿದ್ದಾರಂತೆ. ಹಳೆಯ ಟೇಪುಗಳಲ್ಲಿ ಚಿತ್ರ ಮುಂದೆ, ಧ್ವನಿ ಹಿಂದೆ ಬೀಳುತ್ತದೆಯಲ್ಲ, ಅದನ್ನು ಸರಿಮಾಡುವುದರಲ್ಲಿ ತೂಬಿನಂಥದು ಇನ್ನೊಂದಿಲ್ಲವಂತೆ. ಬರೆದವರು ಅರ್ಜಿ ಹಾಕಿದರೆ ಒಂದು ವರ್ಷ ಅದೇ ಕೆಲಸ ಮಾಡುವಷ್ಟು ನೆರವು ಕೊಡುತ್ತಾರೆ.

ತೂಬಿನ ಪುಟದಲ್ಲಿ ‘ಬರೆದವರು’ ಎಂಬಲ್ಲಿ ಒಂದೇ ಹೆಸರಿದೆ. ನನ್ನದು.

ಇಬ್ಬರೂ ಬರೆದದ್ದು ನಿಜ. 2008ರಲ್ಲಿ ಯಾದಗಿರಿಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಇಬ್ಬರೂ ಪಾಠ ಹೇಳುತ್ತಿದ್ದೆವು. ಸಂಜೆ ಮೌಲಾಲಿಯ ಅಂಗಡಿಯ ಹಿಂದಿನ ಖೋಲಿಯಲ್ಲಿ ಕೂತು ಬರೆದೆವು. 2011ರಲ್ಲಿ ಅವಳು ಮದುವೆಯಾಗಿ ಸುರಪುರಕ್ಕೆ ಹೋದಳು. ಎರಡು ವರ್ಷದ ಮೇಲೆ ನನ್ನನ್ನು ಒಂದು ಪ್ರಶಸ್ತಿಗೆ ಕೇಳಿದರು. ಅರ್ಜಿಯಲ್ಲಿ ಒಂದೇ ಹೆಸರಿಗೆ ಜಾಗವಿತ್ತು. ಪುಟದಲ್ಲಿ ಎರಡು ಹೆಸರು, ಅರ್ಜಿಯಲ್ಲಿ ಒಂದು ಇದ್ದರೆ ಚೆಂದ ಕಾಣುವುದಿಲ್ಲವೆಂದು ಸರಿಮಾಡಿದೆ. ಅಷ್ಟೇ ಆದದ್ದು.

ಫೆಬ್ರುವರಿ 5, ಭಾನುವಾರ

ಬೆಳಗಿನಿಂದ ತೂಬಿನ ಒಳಗನ್ನು ತೆರೆದು ಕೂತಿದ್ದೇನೆ. ಪರದೆಯ ಮೇಲೆ ಕಾಣುವ ಭಾಗ ನನ್ನದು. ಅದನ್ನು ಹದಿನೈದು ದಿನದಲ್ಲಿ ಹೊಸದು ಮಾಡಬಲ್ಲೆ. ಧ್ವನಿಯ ಭಾಗ ಏಳುನೂರು ಸಾಲು. ಮೂರು ಸಲ ಓದಿದೆ, ಒಂದು ಕಡೆಯೂ ಕೈ ಇಡಲು ಆಗಲಿಲ್ಲ.

ಗೌಹರ ಆ ಸಾಲುಗಳ ನಡುನಡುವೆ ತನಗಾಗಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು, ಮನೆಯಲ್ಲಿ ಮಾತಾಡುವ ದಖನಿ ಉರ್ದುವಿನಲ್ಲೇ. ‘ಯಹಾಂ ಹಾಥ್ ನಕ್ಕೋ ಲಗಾವ್’ ಎಂದು ಒಂದು ಕಡೆ. ಇಲ್ಲಿ ಕೈ ಹಚ್ಚಬೇಡ ಎಂದು. ಯಾಕೆ ಹಚ್ಚಬಾರದು ಎಂಬುದು ಅದರ ಕೆಳಗೆ. ಹೀಗೆ ನೂರಾರು. ಹೆಸರು ತೆಗೆದ ದಿನ ಅವನ್ನೂ ತೆಗೆದೆ. ಶಹಾಪುರದ ಶಿವಬಸಮ್ಮ ದಖನಿಯಲ್ಲಿ ಯಾಕೆ ಬರೆದಾಳು ಎಂದು ಯಾರಾದರೂ ಕೇಳಿಯಾರೆಂದು ಹೆದರಿಕೆ. ಹಳೆಯ ಪ್ರತಿಗಳನ್ನೂ ಅಳಿಸಿ, ಎಲ್ಲ ಹೊಸದಾಗಿ ಏರಿಸಿದೆ.

ಈಗ ಆ ಟಿಪ್ಪಣಿ ಇಲ್ಲದೆ ನನಗೇ ದಾರಿ ಇಲ್ಲ.

ಇದನ್ನು ಬರೆದ ಮೇಲೆ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದೆ. ನಮ್ಮನೆಯವರು ಮರಿಲಿಂಗಪ್ಪ ಕಾಲುವೆ ಆಫೀಸಿನ ಪಾಳಿ ಮುಗಿಸಿ ಬಂದು, “ಭಾನುವಾರ ಸೈತ ಅದರ ಮುಂದ ಕುಂತೀಯಲ್ಲ, ಅಷ್ಟು ಸರಳ ಇಲ್ಲೇನು?” ಅಂದರು. ಸರಳವೇ ಇದೆ ಅಂದೆ.

ಫೆಬ್ರುವರಿ 12, ಭಾನುವಾರ

ಅರ್ಜಿ ಕಳಿಸಿದೆ. ಬರೆದವರು: ಶಿವಬಸಮ್ಮ.

ಮಾರ್ಚ್ 3, ಶುಕ್ರವಾರ

ಮಧ್ಯಾಹ್ನ ಒಂದೂವರೆಗೆ ಜರ್ಮನಿಯಿಂದ ಕರೆ. ಉಲ್ರಿಕ ಎಂಬ ಹೆಂಗಸು, ಐವತ್ತು ದಾಟಿರಬಹುದು, ಕನ್ನಡಕ ಹಣೆಯ ಮೇಲೆ. ಬಹಳ ಆದರದಿಂದ ಮಾತಾಡಿದರು. ಚಂದ್ರಾಮಪ್ಪನವರು ಕ್ಯಾಮರಾಕ್ಕೆ ಕಾಣದ ಹಾಗೆ ಬಾಗಿಲಲ್ಲಿ ನಿಂತಿದ್ದರು.

“ಧ್ವನಿಯ ಭಾಗ ಓದಿ ನನಗೆ ಸಂತೋಷವಾಯಿತು. ಆ ಉಪಾಯ ಹೇಗೆ ಹೊಳೆಯಿತು?” ಎಂದು ಕೇಳಿದರು.

ಹೇಳಿದೆ. ಮದುವೆಯ ವಿಡಿಯೋದಲ್ಲಿ ಹಲಗಿ ಬಾರಿಸುವವನ ಕೈ ನೋಡುತ್ತ ಕೂತಿದ್ದೆ, ಕೋಲು ಬೀಳುವುದಕ್ಕೂ ಸಪ್ಪಳ ಕೇಳುವುದಕ್ಕೂ ಎಷ್ಟು ಅಂತರ ಎಂದು ಅಳೆಯತೊಡಗಿದೆ, ಕ್ಯಾಸೆಟ್ಟು ಮುಂದೆ ಹೋದಷ್ಟೂ ಅಂತರ ಒಂದೇ ಸಮನೆ ಬೆಳೆಯದೆ ಮೆಟ್ಟಿಲಿನಂತೆ ಬೆಳೆಯುವುದು ಕಂಡಿತು, ಆ ಮೆಟ್ಟಿಲುಗಳನ್ನು ಹುಡುಕಿದರೆ ಸಾಕು ಅನಿಸಿತು.

ಇದೆಲ್ಲ ಗೌಹರ ನನಗೆ ಹೇಳಿದ್ದು. ಮೆಟ್ಟಿಲು ತೋರಿಸಲು ಅಂಗೈಯನ್ನು ಮೇಲೆ ಮೇಲೆ ಇಟ್ಟು ಸನ್ನೆ ಮಾಡಿದೆ. ಆ ಸನ್ನೆಯೂ ಅವಳದೇ ಎಂದು ಕರೆ ಮುಗಿದ ಮೇಲೆ ನೆನಪಾಯಿತು. ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ಕೈಯಲ್ಲಿ ಏನೂ ಆಗಿರಲಿಲ್ಲ.

ಮಾರ್ಚ್ 15, ಬುಧವಾರ

ಒಪ್ಪಿಗೆ ಬಂತು. ಏಪ್ರಿಲ್ ಕೊನೆಗೆ ಕರಾರಿಗೆ ಸಹಿ, ಮೇ ತಿಂಗಳಿಂದ ಕೆಲಸ. ಸ್ಟಾಫ್ ರೂಮಿನಲ್ಲಿ ಹಾರ ಹಾಕಿದರು, ಸುಸಲಾ ಮಿರ್ಚಿ ತರಿಸಿದರು. ತಿನ್ನಲು ಆಗಲಿಲ್ಲ, ಹಲ್ಲುನೋವು ಅಂದೆ.

ಮಾರ್ಚ್ 19, ಭಾನುವಾರ

ಒಂದು ಸಾಲು ಬದಲಿಸಿದರೆ ಇಡೀ ವಿಡಿಯೋ ಮೂಕ. ಇನ್ನೊಂದು ಬದಲಿಸಿದರೆ ವರನ ಬಾಯಲ್ಲಿ ಮದುವೆ ಮಾಡಿಸುವ ಐನಾರ ಮಂತ್ರ.

ಸಂಜೆ ಅವಳ ನಂಬರು ತೆಗೆದು ನೋಡಿದೆ, ಮತ್ತೆ ಇಟ್ಟೆ.

ಏಪ್ರಿಲ್ 2, ಭಾನುವಾರ

ಸುರಪುರಕ್ಕೆ ಹೋಗಿಬಂದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬಸ್ಸಿನಲ್ಲಿ ಹತ್ತಿಗೂಡೂರು ದಾಟುವವರೆಗೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ರಸ್ತೆಯ ಎರಡೂ ಕಡೆ ಕಾಲುವೆ ನೀರಿನ ಭತ್ತ ತೆನೆ ಬಗ್ಗಿಸಿ ನಿಂತಿತ್ತು. ನಾನು ಜೋಡಿಸಿಕೊಂಡದ್ದು ಇಷ್ಟು: ಸ್ವಲ್ಪ ಕೆಲಸವಿದೆ, ಕೂಲಿ ಕೊಡುತ್ತೇನೆ, ಯಾರಿಗೂ ಹೇಳುವುದು ಬೇಡ.

ರಂಗಂಪೇಟೆಯಲ್ಲಿ ಅವಳ ಗಂಡ ಅಮೀನುದ್ದೀನರದು ನೀರಿನ ಪೈಪು, ತಾಡಪತ್ರಿ ಮಾರುವ ಅಂಗಡಿ. ಮನೆ ಅದರ ಹಿಂದೆ. ಗೌಹರ ಒಳಗೆ ಐದಾರು ಹುಡುಗಿಯರಿಗೆ ಗಣಿತ ಹೇಳಿಕೊಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಿದೆಯಲ್ಲ. ನನ್ನನ್ನು ನೋಡಿ ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ ನಿಂತಳು.

“ಶಿವಬಸಕ್ಕಾ” ಅಂದಳು. “ಬರ್ರಿ, ಒಳಗ ಬರ್ರಿ.”

ಹುಡುಗಿಯರನ್ನು ಕಳಿಸಿದಳು. ರಂಜಾನ್ ರೋಜಾದಲ್ಲಿದ್ದಳು, ತುಟಿ ಒಣಗಿತ್ತು. ಆದರೂ ನನಗಾಗಿ ಫ್ರಿಜ್ಜಿನಿಂದ ನೀರು, ಆಮೇಲೆ ಚಹಾ, ಖಾರಿ ಬಿಸ್ಕತ್ತು. ನಾನು ಕುಡಿಯುವುದನ್ನು ನೋಡುತ್ತ ಎದುರು ಕೂತಳು. ಅವಳ ತಲೆಯ ಮುಂಭಾಗದಲ್ಲಿ ಬಿಳಿ ಕೂದಲು ಬಂದಿದೆ. ನನಗಿಂತ ಮೂರು ವರ್ಷ ಚಿಕ್ಕವಳು.

ತೂಬು ಮತ್ತೆ ಮಾಡಬೇಕಾಗಿದೆ, ಕೂಲಿ ಕೊಡುತ್ತೇನೆ ಎಂದು ಹೇಳಿದೆ. ಜರ್ಮನಿಯ ಸಂಗತಿ ಹೇಳಲಿಲ್ಲ. ಪುಟದಲ್ಲಿ ಯಾರ ಹೆಸರಿದೆ ಎಂದು ಅವಳೂ ಕೇಳಲಿಲ್ಲ. ಕೇಳಿಯೇ ಕೇಳುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ಅಕ್ಕಾ, ಒಂದು ಕೇಳ್ಲೇನು? ಒಂಬತ್ತು ವರ್ಷದ ಹಿಂದ ನಿಮಗೊಂದು ಮೇಲ್ ಕಳ್ಸಿದ್ದೆ. ಎರಡು ತಾಸು ದಾಟಿದ ಕ್ಯಾಸೆಟ್ಟಿನಾಗ ಧ್ವನಿ ತಪ್ಪತೈತಿ, ನನ್ನ ಎಣಿಕ್ಯಾಗ ಒಂದು ತಪ್ಪೈತಿ, ಹಿಂಗ ತಿದ್ರಿ ಅಂತ ಎಲ್ಲಾ ಬರದಿದ್ದೆ. ಅದು ಬಂತೇನ್ರಿ?”

ಚಹಾದ ಬಟ್ಟಲು ನನ್ನ ಕೈಯಲ್ಲಿತ್ತು.

“ನೀವು ಉತ್ತರ ಕೊಡ್ಲಿಲ್ಲ. ತೂಬಿನಾಗೂ ಅದನ್ನ ಸೇರಸ್ಲಿಲ್ಲ. ನಾ ಕಾದೆ ಒಂದು ವರ್ಷ. ಮತ್ತ ತಿಳ್ಕೊಂಡೆ, ನಾ ಬರದದ್ದ ತಪ್ಪಿರಬೇಕು, ಅಕ್ಕಗ ಹೇಳಾಕ ಸಂಕೋಚ ಆಗಿರಬೇಕು ಅಂತ. ಮನಿ ಸಂಸಾರದಾಗ ಬಿದ್ದು ತಲಿ ಮಂದ ಆತು ಅಂದ್ಕೊಂಡೆ. ಆಮ್ಯಾಲ ಕಂಪ್ಯೂಟರ್ ಬರೆಯೋದು ಬಿಟ್ಟಬಿಟ್ಟೆ.”

ನಗುತ್ತಲೇ ಹೇಳಿದಳು.

ಆ ಪತ್ರ ಬಂದಿತ್ತು. ಅವಳ ತಿದ್ದುಪಡಿ ಸೇರಿಸಿದರೆ ಯಾರು ಕಳಿಸಿದರು ಎಂದು ಬರೆಯಬೇಕಾಗುತ್ತಿತ್ತು. ‘ನನ್ನ ಎಣಿಕೆ’ ಎಂದು ಬರೆದಿದ್ದಳಲ್ಲ, ಅದನ್ನು ಯಾರಾದರೂ ನೋಡಿದರೆ ಎಂದು ಹೆದರಿದೆ. ಮುಚ್ಚಿಟ್ಟೆ. ತೂಬು ಒಂಬತ್ತು ವರ್ಷ ಅದೇ ದೋಷ ಹೊತ್ತು ಕುಂಟಿತು. ಉದ್ದದ ಕ್ಯಾಸೆಟ್ಟಿನಲ್ಲಿ ಧ್ವನಿ ತಪ್ಪುತ್ತದೆ ಎಂದು ಎಷ್ಟೋ ಜನ ನನಗೆ ಬರೆದರು. ನಿಮ್ಮ ಟೇಪೇ ಹಾಳಾಗಿದೆ ಎಂದು ಉತ್ತರ ಕೊಡುತ್ತಿದ್ದೆ.

“ಬಂದಿಲ್ಲವ್ವ, ನನಗ ಮುಟ್ಟೇ ಇಲ್ಲ” ಅಂದೆ.

ಅವಳ ಮುಖ ಅರಳಿದ್ದನ್ನು ಬರೆಯಲೇಬೇಕು. “ಹಂಗಾದ್ರ ತಪ್ಪಿರ್ಲಿಲ್ಲ ಅಂದಂಗಾತು” ಅಂದಳು. ಎದ್ದು ಹೋಗಿ ಕಪಾಟಿನ ಬಟ್ಟೆಗಳ ಕೆಳಗಿನಿಂದ ಒಂದು ನೂರು ಹಾಳೆಯ ನೋಟ್‌ಬುಕ್ ತಂದಳು. ಧ್ವನಿಯ ಭಾಗದ ಲೆಕ್ಕವೆಲ್ಲ ಅದರಲ್ಲಿದೆ. “ಹೊಸಾ ಕಂಪ್ಯೂಟರಿಗಿ ನಾ ಮಾಡಿಕೊಡ್ತೀನಿ ಅಕ್ಕಾ. ಕೂಲಿ ಮಾತು ಯಾಕ ತಗೀತೀರಿ, ನನಗ ಮಾಡ್ಬೇಕಂತ ಆಗೈತಿ.”

ಬಸ್ ಸ್ಟ್ಯಾಂಡಿನ ತನಕ ಅಮೀನುದ್ದೀನ ತಮ್ಮ ಗಾಡಿಯಲ್ಲಿ ಬಿಟ್ಟರು. “ಭಾಳ ದಿನದ ಮ್ಯಾಲ ನಗ್ಯಾಳ್ರಿ ಇಷ್ಟು” ಅಂದರು.

ಏಪ್ರಿಲ್ 9, ಭಾನುವಾರ

ಗೌಹರ ಹಾಳೆಗಳ ಫೋಟೋ ಕಳಿಸುತ್ತಾಳೆ. ಅಮೀನುದ್ದೀನರ ಅಂಗಡಿಯ ಕಂಪ್ಯೂಟರಿನಲ್ಲಿ ಬೆಳಗಿನ ನಮಾಜಿನ ಮೇಲೆ ಎರಡು ತಾಸು ಕೂರುತ್ತಾಳಂತೆ. ನಾಲ್ಕು ದಿನದಲ್ಲಿ ನೂರೈವತ್ತು ಸಾಲು. ನಾನು ಎರಡು ತಿಂಗಳು ಬಡಿದಾಡಿದ ಜಾಗ ಅದು. ನಡುನಡುವೆ ಮತ್ತೆ ದಖನಿ ಟಿಪ್ಪಣಿ. ಒಂದರಲ್ಲಿ ‘ಅಕ್ಕಾ ಕೋ ಪೂಛನಾ’ ಎಂದಿದೆ. ಅಕ್ಕನನ್ನು ಕೇಳಬೇಕು.

ಏನು ಕೇಳಬೇಕೆಂದು ಕೆಳಗೆ ಬರೆದಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಏಪ್ರಿಲ್ 11, ಮಂಗಳವಾರ

ಕರಾರಿನ ಕಾಗದ ಬಂದಿದೆ. ‘ಇದು ಸಂಪೂರ್ಣವಾಗಿ ನನ್ನ ಸ್ವಂತ ಕೆಲಸವೆಂದು ದೃಢೀಕರಿಸುತ್ತೇನೆ’ ಎಂಬ ಸಾಲು ಇದೆ. ಸಹಿ ಮಾಡಿಲ್ಲ. ಪೆನ್ನು ಸರಿಯಿಲ್ಲ ಅಂತಲ್ಲ.

ಏಪ್ರಿಲ್ 14, ಶುಕ್ರವಾರ

ಅಂಬೇಡ್ಕರ್ ಜಯಂತಿ, ರಜೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮರಿಲಿಂಗಪ್ಪನವರಿಗೆ ಎಲ್ಲ ಹೇಳಿದೆ. ಹೆಸರು, ಟಿಪ್ಪಣಿ, ಪತ್ರ, ಬಂದಿಲ್ಲ ಎಂದು ಹೇಳಿದ್ದು. ಅವರು ರೊಟ್ಟಿ ಮುರಿಯುವುದು ಬಿಟ್ಟು ಕೇಳಿದರು.

“ಆ ಅಮೀನುದ್ದೀನನ ಅಂಗಡ್ಯಾಗ ನಾ ಪೈಪು ತಂದೀನಿ. ಭಾಳ ನ್ಯಾಯದ ಮನಷ್ಯಾ.” ತಾಟು ಬದಿಗೆ ಸರಿಸಿ, “ಆಕಿಗಿ ಯಾವಾಗ ಹೇಳ್ತಿ?” ಅಂದರು.

“ಹೇಳಿದ್ರ ಜರ್ಮನಿಯವ್ರು ಬಿಡ್ತಾರ. ಕಾಲೇಜಿನಾಗ ಸುಮ್ಕಿರ್ತಾರೇನ್ರಿ? ನೌಕರಿಗಿ ಬಂದೀತು.”

“ನಾ ಕೇಳಿದ್ದು ಅದಲ್ಲ.”

ಮತ್ತೆ ಊಟ ಮಾಡಿದರು. ತಾಟು ತಾವೇ ತೊಳೆದಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. ಹತ್ತು ವರ್ಷ ಹಿಂದೆ ಪ್ರಶಸ್ತಿ ಬಂದಾಗ ಆಫೀಸಿನಲ್ಲಿ ಪೇಢೆ ಹಂಚಿದವರು ಇವರು.

ಏಪ್ರಿಲ್ 16, ಭಾನುವಾರ

ಹೇಳಿದೆ.

ಗೌಹರ ಬಾಗಿಲಲ್ಲೇ “ಅಕ್ಕಾ, ಎರಡು ತಾಸಿಂದು ಸರಿಹೋತು” ಅಂದಳು. ಕೂರುವ ಮೊದಲೇ ಹೇಳಿಬಿಟ್ಟೆ, ಕೂತರೆ ಹೇಳಲಾರೆನೆಂದು. “ಗೌಹರ, ನಿನ್ನ ಪತ್ರ ಬಂದಿತ್ತು.”

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಒಂದೊಂದಾಗಿ ಕೇಳಿದಳು, ಹುಡುಗಿಯರ ಗಣಿತ ತಪ್ಪಾದಾಗ ಎಲ್ಲಿ ತಪ್ಪಿತೆಂದು ಹುಡುಕುವ ಹಾಗೆ.

“ಯಾವಾಗ ಓದಿದ್ರಿ?”

“ಬಂದ ದಿನಾನೇ.”

“ಎಲ್ಲಾ ಓದಿದ್ರ್ಯಾ?”

“ಹೂಂ.”

“ಲೆಕ್ಕ ಸರಿ ಇತ್ತೇನು?”

ಇದಕ್ಕೆ ಸುಳ್ಳು ಹೇಳಬಹುದಿತ್ತು, ತಿಳಿಯಲಿಲ್ಲ ಅನ್ನಬಹುದಿತ್ತು. “ಸರಿ ಇತ್ತು. ಮಾಡಿ ನೋಡಿದ್ದೆ” ಅಂದೆ.

ಅವಳು ಗೋಡೆ ಹಿಡಿದು ಕೂತಳು. ಹೆಸರು ತೆಗೆದದ್ದು, ಪ್ರಶಸ್ತಿ, ಜರ್ಮನಿಯ ಹಣ, ಹಲಗಿಯವನ ಕಥೆಯನ್ನು ನನ್ನದೆಂದು ಹೇಳಿದ್ದು, ಎಲ್ಲ ಹೇಳಿದೆ. ಅವು ಅವಳ ಕಿವಿಗೆ ಬೀಳುತ್ತಿದ್ದವೋ ಇಲ್ಲವೋ. ಕೊನೆಗೆ ಅಂದಳು:

“ಹೆಸರು ತಗದದ್ದು ಪೇಪರಿನಾಗ ನೋಡಿದ್ದೆ. ಬ್ಯಾಸರಾತು, ಬಿಟ್ಟೆ. ಒಂದ ಸಾಲು ಬರದಿದ್ರ ಸಾಕಿತ್ತು, ಗೌಹರ, ನಿನ್ನ ಲೆಕ್ಕ ಸರಿ ಐತಿ ಅಂತ. ಹೆಸರು ನೀವ ಇಟ್ಕೋಬಹುದಿತ್ತು.”

ನಾನು ಅವಳ ಕೈ ಮುಟ್ಟಲು ಹೋದೆ. ಕೈ ಹಿಂದೆ ತೆಗೆದುಕೊಂಡಳು.

“ಹೋದ ಸರ್ತಿ ರೋಜಾದಾಗ ಇದ್ರೂ ನಿಮಗ ನೀರು ಕೊಟ್ಟಿದ್ದೆ. ಇವತ್ತು ಏನೂ ಕೊಡಂಗಿಲ್ರಿ ಮೇಡಂ. ಹೋಗ್ರಿ.”

ಮೇಡಂ ಅಂದಳು.

ಬಿಸಿಲಲ್ಲಿ ಬಸ್ ಸ್ಟ್ಯಾಂಡಿನ ತನಕ ನಡೆದೆ. ನನ್ನ ಪಕ್ಕದಿಂದ ಅಮೀನುದ್ದೀನರ ಗಾಡಿ ಪೈಪು ಹೇರಿಕೊಂಡು ಹೋಯಿತು. ಅವರಿಗೆ ಇನ್ನೂ ಗೊತ್ತಿರಲಿಲ್ಲ. ಕೈ ಎತ್ತಿ ನಮಸ್ಕಾರ ಮಾಡಿದರು.

ಏಪ್ರಿಲ್ 17, ಸೋಮವಾರ

ಉಲ್ರಿಕ ಅವರಿಗೆ ಬರೆದೆ. ನಾಲ್ಕು ಸಲ ಬರೆದು ನಾಲ್ಕು ಸಲವೂ ಕಾರಣ ಸೇರಿಸಿದ್ದೆ: ಅರ್ಜಿಯಲ್ಲಿ ಜಾಗವಿರಲಿಲ್ಲ, ಚಿಕ್ಕ ಊರು, ಹೆಂಗಸರಿಗೆ ಯಾರು ಗುರುತು ಕೊಡುತ್ತಾರೆ. ಅಳಿಸಿದೆ. ಹೋದದ್ದು ಆರು ಸಾಲು. ಗೌಹರ ಒಪ್ಪಿದರೆ ಮಾತ್ರ ಎಂದು ಅವಳ ವಿಳಾಸ ಕೊನೆಯಲ್ಲಿ.

ತೂಬಿನ ಪುಟದಲ್ಲಿ ಅವಳ ಹೆಸರು ಹಾಕಿದೆ. ಕೆಳಗೆ ನಡೆದದ್ದನ್ನೂ ಬರೆದೆ, ಉದ್ದದ ಕ್ಯಾಸೆಟ್ಟಿನ ದೋಷ ಟೇಪಿನದಲ್ಲ, ತಿದ್ದುಪಡಿ 2014ರಿಂದ ನನ್ನ ಬಳಿ ಇತ್ತು ಎಂದು.

ಏಪ್ರಿಲ್ 19, ಬುಧವಾರ

ಉಲ್ರಿಕ: ಕರಾರು ನಿಲ್ಲಿಸಿದ್ದೇವೆ. ಹಲಗಿಯವನ ಕಥೆ ಯಾರದು?

ನಾನು: ಗೌಹರಬೇಗಂ.

ಏಪ್ರಿಲ್ 20, ಗುರುವಾರ

ಚಂದ್ರಾಮಪ್ಪನವರು ಬಾಗಿಲು ಹಾಕಿಕೊಂಡು ಮಾತಾಡಿದರು. ಕೂಗಾಡಲಿಲ್ಲ. “ಇಷ್ಟು ದಿನ ನೀವು ಸುಮ್ನಿದ್ರಿ. ಇನ್ನಾ ಸ್ವಲ್ಪ ಸುಮ್ನಿದ್ರ ಏನಾಗ್ತಿತ್ರಿ?” ಅಂದರು. ಅವರ ಮುಖ ನೋಡಿದರೆ ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಾರೆ ಅನಿಸಿತು.

ಲ್ಯಾಬಿನ ಉಸ್ತುವಾರಿ ಬೇರೆಯವರಿಗೆ. ನನಗೆ ಮೊದಲ ವರ್ಷದ ಟೈಪಿಂಗ್ ತರಗತಿ. ಪ್ರಶಸ್ತಿಯ ಫಲಕವನ್ನು ಕೊಟ್ಟವರಿಗೆ ವಾಪಸು ಕಳಿಸಿದೆ. ಅಂಚೆ ಕಚೇರಿಯಲ್ಲಿ ಒಳಗೇನಿದೆ ಎಂದು ಕೇಳಿದರು. ಕಟ್ಟಿಗೆ ಅಂದೆ.

ಮೇ 6, ಶನಿವಾರ

ಮೌಲಾಲಿ ಬಂದಿದ್ದರು. ಹೋದ ವಾರ ಬಂದದ್ದು, ಸುದ್ದಿ ಮುಟ್ಟಿತ್ತು. ಕುರ್ಚಿಯಲ್ಲಿ ಕೂರದೆ ಕಿಟಕಿಯ ಹತ್ತಿರ ನಿಂತರು.

“ನನಗೂ ಗೊತ್ತಿತ್ತಲ್ರಿ ಮೇಡಂ. ಪೇಪರಿನಾಗ ನಿಮ್ಮ ಒಬ್ರ ಫೋಟೋ ಬಂದಾಗ ನೋಡೀನಿ. ನನ್ನ ಅಂಗಡ್ಯಾಗ ಕುಂತು ಬರದ ಹುಡುಗಿ ಎಲ್ಲಿ ಅಂತ ಒಂದ್ ಮಾತು ಕೇಳ್ಲಿಲ್ಲ. ನನಗ ತೂಬು ಪುಕ್ಕಟೆ ಸಿಗ್ತಿತ್ತು, ಕೆಲ್ಸ ನಡೀತಿತ್ತು. ಸುಮ್ಕಿದ್ದೆ.”

ಅವರ ಪಾಲು ನನ್ನ ಪಾಲನ್ನು ಕಡಿಮೆ ಮಾಡುತ್ತದೆ ಎಂದು ಒಂದು ಗಳಿಗೆ ಅನಿಸಿತು. ಮಾಡುವುದಿಲ್ಲ.

ರಜೆಯಲ್ಲಿ ಕೆಲಸವಿಲ್ಲದ್ದರಿಂದ ಆಗಿನಿಂದ ಅವರ ಅಂಗಡಿಗೆ ಹೋಗುತ್ತಿದ್ದೇನೆ. ಉದ್ದದ ಕ್ಯಾಸೆಟ್ಟುಗಳನ್ನು ಒಂದೊಂದೇ ಹಾಕಿ, ಧ್ವನಿ ಎಲ್ಲಿ ತಪ್ಪುತ್ತದೆ ಎಂದು ನಿಮಿಷ ಸಹಿತ ಬರೆದಿಡುತ್ತೇನೆ. ತೂಬನ್ನು ಮುಂದೆ ಯಾರು ಮಾಡಿದರೂ ಪರೀಕ್ಷೆಗೆ ಬೇಕಾಗುತ್ತದೆ. ಮುದನಾಳದ ಒಂದು ಮದುವೆಯಲ್ಲಿ ಮೂರು ತಾಸು ಜನ ಊಟವನ್ನೇ ಮಾಡುತ್ತಾರೆ. ಎಲ್ಲವನ್ನೂ ನೋಡಿದೆ.

ಮೇ 24, ಬುಧವಾರ

ಹದಿನೇಳು ಕ್ಯಾಸೆಟ್ಟು ಮುಗಿದವು. ಪಟ್ಟಿಯನ್ನು ತೂಬಿನ ಪುಟದಲ್ಲಿ ಹಾಕಿದೆ. ಹೆಸರು ಹಾಕುವುದು ಮರೆತಿದ್ದೆ, ಈಗ ನೆನಪಾಯಿತು. ಇರಲಿ.

ಜೂನ್ 10, ಶನಿವಾರ

ಗೌಹರ ಫೋನ್ ಮಾಡಿದಳು. ತರಗತಿಯಲ್ಲಿದ್ದೆ, ಹೊರಗೆ ಬಂದೆ.

“ಜರ್ಮನಿಯವ್ರು ನನಗ ಬರದಾರ. ನಾ ಅರ್ಜಿ ಹಾಕೀನಿ. ಬುಧವಾರ ಮಾತಾಡ್ತಾರಂತ. ಇಂಗ್ಲಿಷ್ ಓದಾಕ ಬರಿಯಾಕ ಬರತೈತಿ, ಮಾತಾಡಾಕ ನಾಲಿಗಿ ಏಳಂಗಿಲ್ಲ. ನೀವು ಬಂದು ಹೇಳ್ಬೇಕು. ಬ್ಯಾರೆ ಯಾರಿಗಿ ಹೇಳಿದ್ರೂ ಈ ಕೆಲ್ಸದ ಮಾತು ತಿಳಿಯಂಗಿಲ್ಲ.”

“ಬರ್ತೀನಿ” ಅಂದೆ.

“ಮಾಫ್ ಮಾಡ್ಯಾಳಂತ ತಿಳ್ಕೋಬ್ಯಾಡ್ರಿ. ಇನ್ನಾ ಸಿಟ್ಟೈತಿ ನನಗ.”

“ತಿಳ್ಕೊಳ್ಳಂಗಿಲ್ಲ.”

ಮತ್ತೆ ಒಳಗೆ ಹೋದಾಗ ಹುಡುಗಿಯರು ಟೈಪು ಹೊಡೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣು ಹೇಗಿತ್ತೋ.

ಜೂನ್ 14, ಬುಧವಾರ

ಅರ್ಧ ದಿನ ರಜೆ ಹಾಕಿ ಹೋದೆ. ಅಮೀನುದ್ದೀನ ಅಂಗಡಿಯಲ್ಲಿದ್ದರು; ಎದ್ದು ನಿಲ್ಲಲಿಲ್ಲ, ಒಳಗೆ ಹೋಗಿರಿ ಎಂದು ಕೈ ತೋರಿಸಿದರು. ಗೌಹರ ಬಾಗಿಲು ಹಾಕಿ, ಫ್ಯಾನು ಸಪ್ಪಳವಾಗುತ್ತದೆಂದು ಅದನ್ನೂ ನಿಲ್ಲಿಸಿದ್ದಳು. ಹುಡುಗಿಯರು ಕೂರುವ ಚಾಪೆಯ ಮೇಲೆ ಇಬ್ಬರೂ ಕೂತೆವು. ನಡುವೆ ಒಬ್ಬರು ಕೂರುವಷ್ಟು ಜಾಗ. ಕ್ಯಾಮರಾದಲ್ಲಿ ಇಬ್ಬರೂ ಒಟ್ಟಿಗೆ ಕಾಣುತ್ತಿಲ್ಲವೆಂದು ಉಲ್ರಿಕ ಹೇಳಿದ ಮೇಲೆ ನಾನು ಸ್ವಲ್ಪ ಸರಿದೆ.

ಉಲ್ರಿಕ ನನಗೆ ತಲೆಬಾಗಿ ನಮಸ್ಕರಿಸಿ, ಆಮೇಲೆ ಗೌಹರಳ ಕಡೆ ತಿರುಗಿದರು. ಮುಕ್ಕಾಲು ತಾಸು ಕೇಳಿದರು. ಗೌಹರ ಕನ್ನಡದಲ್ಲಿ ಹೇಳುತ್ತಿದ್ದಳು, ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಧ್ವನಿಯ ಭಾಗವನ್ನು ಮೊದಲಿಂದ ಬಿಡಿಸಿ ಹೇಳಿದಳು. ಹತ್ತು ವರ್ಷ ನನ್ನ ಹೆಸರಿನಲ್ಲಿದ್ದ ಕೆಲಸ ಇವತ್ತು ನನಗೆ ಪೂರ್ತಿ ತಿಳಿಯಿತು. ಎಷ್ಟು ಚೆಂದ ಯೋಚಿಸಿದ್ದಾಳೆ. ಎರಡು ಕಡೆ ತಪ್ಪಾಗಿ ತಿರುಗಿಸಿದೆ, ಅವಳು ತಡೆದು ಸರಿಮಾಡಿದಳು.

ಕೊನೆಗೆ ಉಲ್ರಿಕ ಕೇಳಿದರು: ಇದರಲ್ಲಿ ನಿಮ್ಮದಲ್ಲದ ಭಾಗ ಯಾವುದಾದರೂ ಇದೆಯೇ? ಬೇರೆ ಯಾರಾದರೂ ಬರೆದಿದ್ದಾರೆಯೇ?

ಗೌಹರ ಪರದೆಯನ್ನೇ ನೋಡುತ್ತ ಹೇಳಿದಳು:

“ಪರದಿ ಮ್ಯಾಲ ಕಾಣೂದೆಲ್ಲಾ ಶಿವಬಸಮ್ಮ ಬರದಾರ. ಗುಂಡಿ, ಕನ್ನಡ ಅಕ್ಷರ, ಎಲ್ಲಾ. ಕಾಲುವಿ ತೂಬಿನಂಗ ಇದು, ತೂಬು ಅಂತ ಹೆಸರಿಡೂಣು ಅಂದಾಕಿನೂ ಇವ್ರ. ವರ್ಷಾನಗಟ್ಲೆ ಬಂದ ಪತ್ರಕ್ಕೆಲ್ಲಾ ಉತ್ತರ ಕೊಟ್ಟಾರ. ನನ್ನ ಪತ್ರಕ್ಕ ಕೊಡ್ಲಿಲ್ಲ, ಅದಕ್ಕ ನಾ ಒಂಬತ್ತು ವರ್ಷ ಬರಿಯೋದು ಬಿಟ್ಟೆ. ಆದ್ರ ಅರ್ಧಾ ಕೆಲ್ಸ ಇವ್ರದು. ಇವ್ರ ಹೆಸರೂ ಇರ್ಲಿ.”

ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದೆ: ಪರದೆಯ ಭಾಗವನ್ನು ಇನ್ನೊಬ್ಬರು ಬರೆದಿದ್ದಾರೆ.

ಗೌಹರ ನನ್ನ ಕಡೆ ತಿರುಗಿದಳು. ಬಾಗಿಲಲ್ಲಿ ಹೋಗ್ರಿ ಅಂದ ದಿ‍ನದಿಂದ ಮೊದಲ ಸಲ ನೇರವಾಗಿ ನೋಡಿದಳು.

“ನಾ ಹೇಳಿದ್ದು ಅಷ್ಟ ಅಲ್ರಿ ಮೇಡಂ. ಪೂರಾ ಹೇಳ್ರಿ.”

ಪೂರಾ ಹೇಳಿದೆ. ಗುಂಡಿ, ಅಕ್ಷರ, ತೂಬು ಎಂಬ ಹೆಸರು, ಉತ್ತರ ಕೊಟ್ಟ ಪತ್ರಗಳು, ಉತ್ತರ ಕೊಡದ ಒಂದು ಪತ್ರ, ಒಂಬತ್ತು ವರ್ಷ. ಅರ್ಧ ಕೆಲಸ ಎಂಬುದನ್ನೂ ಬಿಡಲಿಲ್ಲ.

ಉಲ್ರಿಕ ಎಲ್ಲ ಬರೆದುಕೊಂಡರು. ಬರೆದವರ ಎರಡೂ ಹೆಸರುಗಳ ಅಕ್ಷರ ಬಿಡಿಸಿ ಹೇಳಿ ಅಂದರು. ಮೊದಲು ಗೌಹರಳದು ಹೇಳಿದೆ. ಅವಳು ಕಿವಿಗೊಟ್ಟು ಕೇಳಿ ತಲೆಯಾಡಿಸಿದಳು. ಆಮೇಲೆ ನನ್ನದು, ಒಂದೊಂದೇ ಅಕ್ಷರವಾಗಿ.